ಖಾಲಿ ಗಾಡಿಯಲ್ಲಷ್ಟೇ ಬರುತ್ತಿದ್ದ ಸದ್ದು: ದಾವಣಗೆರೆಯ ಒಂದು ಹೌಸಿಂಗ್ ಗ್ಯಾರೇಜಿನ ವಿಮರ್ಶೆ

ಹಳೆಯ ಪಿಕಪ್ ಗಾಡಿಯ ಅಡಿಯಿಂದ ಬರುವ ಸದ್ದಿನ ಮೂಲವನ್ನು ಪತ್ತೆ ಹಚ್ಚುವುದು ಒಂದು ಕೆಲಸ, ಸದ್ದು ಬಂದಂತೆ ತೋರಿದ ಕಡೆಯ ಬಿಡಿಭಾಗವನ್ನು ಬದಲಾಯಿಸುವುದು ಇನ್ನೊಂದು ಕೆಲಸ. ದಾವಣಗೆರೆಯಲ್ಲಿ ಎರಡನೆಯದನ್ನು ಮಾಡಿಕೊಡುವವರಿಗೆ ಕೊರತೆಯಿಲ್ಲ. ಮೊದಲನೆಯದನ್ನೇ ಒಂದು ಪ್ರತ್ಯೇಕ ಕೆಲಸವೆಂದು ತಿಳಿದು, ಅದಕ್ಕೆಂದೇ ಹೊತ್ತು ಮೀಸಲಿಟ್ಟು, ಅದಕ್ಕೆಂದೇ ಹಣವನ್ನೂ ಕೇಳುವ ಗ್ಯಾರೇಜೊಂದು ನನಗೆ ಸಿಕ್ಕಿದ್ದು ಊರಿನಿಂದ ಹರಿಹರದ ಕಡೆಗೆ ಹೋಗುವ ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಮಗ್ಗುಲಲ್ಲಿ. ಅದರ ಬೋರ್ಡಿನಲ್ಲಿ ಗ್ಯಾರೇಜಿನ ಹೆಸರಿಲ್ಲ. ಹೌಸಿಂಗ್, ಜಾಯಿಂಟ್ ಮತ್ತು ಗೇರ್ ಬಾಕ್ಸ್ ಕೆಲಸ ಮಾಡಲಾಗುವುದು ಎಂದಷ್ಟೇ ಬರೆದಿದೆ. ಹೌಸಿಂಗ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಇರುವ, ಹಲ್ಲುಚಕ್ರಗಳನ್ನು ಒಳಗಿಟ್ಟುಕೊಂಡ ಕವಚ; ಜಾಯಿಂಟ್ ಎಂದರೆ ತಿರುಗುವ ಶಾಫ್ಟನ್ನು ಕೋನದಲ್ಲಿ ಜೋಡಿಸುವ ಕೀಲು. ಹಳೆಯ ಸರಕು ಗಾಡಿಯನ್ನು ಕೊಂಡು, ಅದರ ಸದ್ದಿನ ಕಾರಣ ತಿಳಿಯದೆ ಹಣ ಸುರಿಯುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂಬ ಕಾರಣದಿಂದ ಈ ಗ್ಯಾರೇಜಿನ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನದು ಚಿತ್ರದುರ್ಗದಲ್ಲಿ ಅದರ ಮೊದಲ ಮಾಲೀಕರಿಂದ ಕೊಂಡ ಡೀಸೆಲ್ ಪಿಕಪ್. ಇಂಜಿನ್ ಮುಂದಿದ್ದು, ಎಳೆಯುವ ಚಕ್ರಗಳು ಹಿಂದಿವೆ. ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಬಲವನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದರಲ್ಲಿ ಎರಡು ತುಂಡಾಗಿದ್ದು, ನಡುವೆ ಚಾಸಿಗೆ ಬಿಗಿದ ಸೆಂಟರ್ ಬೇರಿಂಗಿನ ಆಸರೆಯಲ್ಲಿ ತಿರುಗುತ್ತದೆ. ಮಾಯಕೊಂಡದ ಕಡೆಯಿಂದ ಮೆಕ್ಕೆಜೋಳವನ್ನು ದಾವಣಗೆರೆಯ ಎಪಿಎಂಸಿಗೆ ತರುವುದು, ಅಡಿಕೆಯ ಕಾಲದಲ್ಲಿ ಭೀಮಸಮುದ್ರಕ್ಕೆ ಹೋಗುವುದು, ಉಳಿದ ದಿನಗಳಲ್ಲಿ ಸಿಕ್ಕ ಬಾಡಿಗೆಗೆ ಓಡುವುದು ಇದರ ಕೆಲಸ. ಹೋಗುವಾಗ ಲೋಡು, ಬರುವಾಗ ಬಹುತೇಕ ಖಾಲಿ. ಈ ಖಾಲಿ ಬರುವಾಗಿನ ಸದ್ದೇ ನನ್ನ ತೊಂದರೆಯಾಗಿತ್ತು.

ವೇಗ ಗಂಟೆಗೆ 40 ಕಿಲೋಮೀಟರ್ ದಾಟುತ್ತಿದ್ದಂತೆ ಕ್ಯಾಬಿನ್ನಿನ ನೆಲದಿಂದ ಗುಂಯ್ ಎಂಬ ಮಂದ್ರವಾದ ಸದ್ದು ಏಳುತ್ತಿತ್ತು. 50ರ ಆಸುಪಾಸಿನಲ್ಲಿ ಅದು ಸೀಟಿಗೂ ಗೇರ್ ಲಿವರಿಗೂ ಹತ್ತಿ ನಡುಕವಾಗುತ್ತಿತ್ತು. 60 ದಾಟಿದ ಮೇಲೆ ಕಡಿಮೆಯಾಗಿ, ಗಾಳಿಯ ಮತ್ತು ಟೈರಿನ ಸದ್ದಿನೊಳಗೆ ಸೇರಿಹೋಗುತ್ತಿತ್ತು. ಇದಲ್ಲದೆ ಮೊದಲ ಗೇರಿನಲ್ಲಿ ಗಾಡಿ ಎತ್ತುವಾಗ ಅಡಿಯಲ್ಲಿ ಯಾರೋ ಅಲುಗಿಸಿದಂತೆ ಒಂದು ಅದುರು ಬರುತ್ತಿತ್ತು. ಇದಿಷ್ಟೇ ಆಗಿದ್ದರೆ ಇದನ್ನು ನಿಗೂಢವೆನ್ನುತ್ತಿರಲಿಲ್ಲ. ಲೋಡು ಹಾಕಿದ ಕೂಡಲೇ ಆ ಗುಂಯ್ ಸದ್ದು ಬಹುಪಾಲು ಇಲ್ಲವಾಗುತ್ತಿತ್ತು. ಭಾರ ಹೊತ್ತಾಗ ಗಾಡಿ ನರಳುವುದು, ಇಳಿಸಿದಾಗ ಹಗುರಾಗಿ ಓಡುವುದು ಎಲ್ಲರಿಗೂ ಗೊತ್ತಿರುವ ರೀತಿ. ಇಲ್ಲಿ ಅದು ತಿರುಗುಮುರುಗಾಗಿತ್ತು.

ಇಲ್ಲಿಗೆ ಬರುವ ಮೊದಲು ಬೇರೆ ಕಡೆಗಳಲ್ಲಿ ತೋರಿಸಿದ್ದೆ. ಒಂದು ಕಡೆ ಹಿಂದಿನ ಚಕ್ರದ ಹಬ್ ಬೇರಿಂಗ್ ಹೋಗಿದೆ ಎಂದು ಅದನ್ನು ಬದಲಾಯಿಸಿದರು; ಸದ್ದು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ ಸ್ವಲ್ಪ ದೂರ ಓಡಿಸಿ ನೋಡಿ, ಕ್ರೌನ್ ಪಿನಿಯನ್ ಜೋಡಿಯನ್ನೇ ಹಾಕಬೇಕು ಎಂದರು. ಹೌಸಿಂಗಿನ ಒಳಗಿರುವ ಈ ಜೋಡಿ ಹಲ್ಲುಚಕ್ರಗಳು ಶಾಫ್ಟಿನ ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸಿ ಚಕ್ರಗಳಿಗೆ ಕೊಡುತ್ತವೆ. ಅವುಗಳ ಬೆಲೆಯೂ ಹೆಚ್ಚು, ಕೂಡಿಸುವ ಕೆಲಸವೂ ನಾಜೂಕಿನದು. ಹಲ್ಲುಗಳ ನಡುವೆ ಬಿಡಬೇಕಾದ ಸಡಿಲು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಮಾತ್ರ. ಅದನ್ನು ತೆಳು ಶಿಮ್‌ಗಳಿಂದ ಹೊಂದಿಸಿ, ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಒಂದರ ಮುಖ ಇನ್ನೊಂದಕ್ಕೆ ಎಲ್ಲಿ ತಾಗುತ್ತಿದೆ ಎಂದು ನೋಡಬೇಕು. ಸರಿಯಿದ್ದ ಜೋಡಿಯನ್ನು ಬಿಚ್ಚಿ ಅಂದಾಜಿನಲ್ಲಿ ಕೂಡಿಸಿದರೆ, ಇಲ್ಲದಿದ್ದ ಸದ್ದು ಆಗ ಹುಟ್ಟುತ್ತದೆ. ಆ ಇಬ್ಬರ ಊಹೆಗಳೂ ಬುಡವಿಲ್ಲದವೇನಲ್ಲ. ಹಬ್ ಬೇರಿಂಗ್ ಸವೆದರೂ ಗುಂಯ್‌ಗುಡುತ್ತದೆ, ಕ್ರೌನ್ ಸವೆದರೂ ಕೂಗುತ್ತದೆ. ಕೊರತೆಯಿದ್ದುದು ಊಹೆಯನ್ನು ಪರೀಕ್ಷೆಗೆ ಒಡ್ಡುವ ತಾಳ್ಮೆಯಲ್ಲಿ, ಮತ್ತು ಈ ಗ್ಯಾರೇಜಿನ ಹೆಚ್ಚುಗಾರಿಕೆ ಇರುವುದೂ ಅಲ್ಲಿಯೇ.

ಇಲ್ಲಿ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಅವರ ಕೈಕೆಳಗೆ ಐಟಿಐ ಮುಗಿಸಿ ಬಂದ ಯುವಕರು ಕೆಲಸ ಮಾಡುತ್ತಾರೆ. ಗಾಡಿ ನಿಲ್ಲಿಸುತ್ತಿದ್ದಂತೆ ನಾನು ಹಬ್ ಬೇರಿಂಗು, ಕ್ರೌನು ಎಂದು ಹೇಳತೊಡಗಿದಾಗ ಮಿಸ್ತ್ರಿ ಕೈ ಅಡ್ಡ ಹಿಡಿದು, “ಸದ್ದು ಎಲ್ಲಿಂದ ಬರ್ತೈತಿ ಅನ್ನಾದು ನಾವು ನೋಡ್ತೀವ್ರಿ. ಯಾವಾಗ್ಯಾವಾಗ ಬರ್ತೈತಿ ಅನ್ನಾದು ಅಷ್ಟೇ ನೀವು ಹೇಳ್ರಿ” ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದೂ ವ್ಯರ್ಥವಾಗಿರಲಿಲ್ಲ. ಎಷ್ಟು ವೇಗದಲ್ಲಿ ಶುರುವಾಗುತ್ತದೆ, ಎಷ್ಟರಲ್ಲಿ ನಿಲ್ಲುತ್ತದೆ; ಆಕ್ಸಿಲರೇಟರ್ ತುಳಿದಾಗಲೋ ಬಿಟ್ಟಾಗಲೋ; ನಿಂತಲ್ಲೇ ಇಂಜಿನ್ ರೇಸ್ ಮಾಡಿದರೆ ಬರುತ್ತದೆಯೇ; ತಿರುವಿನಲ್ಲಿ ಹೆಚ್ಚುತ್ತದೆಯೇ; ಗಾಡಿ ಕೊಂಡ ಮೇಲೆ ಅಡಿಯಲ್ಲಿ ಏನನ್ನು ಬಿಚ್ಚಿಸಿದ್ದೀರಿ. ಉತ್ತರಗಳನ್ನು ಒಬ್ಬ ಯುವಕ ಪುಸ್ತಕದಲ್ಲಿ ಬರೆದುಕೊಂಡ. ಲೋಡು ಹಾಕಿದರೆ ಸದ್ದು ಹೋಗುತ್ತದೆ ಎಂದಾಗ ಮಿಸ್ತ್ರಿ ಅದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಬೇರೆ ಕಡೆಗಳಲ್ಲಿ ನಾನು ಇದನ್ನು ಹೇಳಿದಾಗ ಯಾರೂ ಕಿವಿಗೊಟ್ಟಿರಲಿಲ್ಲ. ಇಡೀ ಪತ್ತೆಯ ಕೀಲಿ ಆ ಒಂದು ಮಾತಿನಲ್ಲೇ ಇತ್ತು.

ಪರೀಕ್ಷೆಗೆ ಗಾಡಿಯನ್ನು ಬೈಪಾಸಿನ ಕಡೆಗೆ ಒಯ್ದರು. ನನ್ನನ್ನೂ ಕೂರಿಸಿಕೊಂಡರು, ಮಾಲೀಕ ಹೇಳುವ ಸದ್ದೂ ತಾವು ಕೇಳುತ್ತಿರುವ ಸದ್ದೂ ಒಂದೇ ಎಂಬುದು ಮೊದಲು ಇತ್ಯರ್ಥವಾಗಬೇಕು ಎಂಬುದು ಅವರ ನಿಯಮ. ಇದು ಸಣ್ಣ ವಿಷಯವಲ್ಲ. ಹಳೆಯ ಗಾಡಿಯಲ್ಲಿ ಹತ್ತು ಬಗೆಯ ಸದ್ದುಗಳಿರುತ್ತವೆ. ಮಾಲೀಕನನ್ನು ಕಾಡುತ್ತಿರುವ ಸದ್ದು ಒಂದಾದರೆ ಮಿಸ್ತ್ರಿಯ ಕಿವಿಗೆ ಬೀಳುವುದು ಇನ್ನೊಂದಾಗಿರಬಹುದು.

ಮೊದಲು ಒಂದೇ ವೇಗವನ್ನು ಬೇರೆ ಬೇರೆ ಗೇರುಗಳಲ್ಲಿ ಹಿಡಿದು ನೋಡಿದರು. ನಾಲ್ಕನೇ ಗೇರಿನಲ್ಲಿ 50, ಮತ್ತೆ ಮೂರನೇ ಗೇರಿನಲ್ಲಿ ಅದೇ 50. ಇಂಜಿನ್ನಿನ ಸುತ್ತುಗಳು ಏರಿದವು, ಗುಂಯ್ ಸದ್ದಿನ ಸ್ವರ ಮಾತ್ರ ಬದಲಾಗಲಿಲ್ಲ. ಅಲ್ಲಿಗೆ ಇಂಜಿನ್, ಕ್ಲಚ್, ಗೇರ್ ಬಾಕ್ಸಿನ ಮುಂಭಾಗ ಇವಿಷ್ಟೂ ಸಂಶಯದಿಂದ ಹೊರಗಾದವು. ಸದ್ದು ಗಾಡಿಯ ವೇಗಕ್ಕೆ ಕಟ್ಟುಬಿದ್ದದ್ದೇ ಹೊರತು ಇಂಜಿನ್ನಿನ ವೇಗಕ್ಕಲ್ಲ. ಬಳಿಕ ಹಿಂದೆ ಮುಂದೆ ವಾಹನವಿಲ್ಲದ ಸಮತಟ್ಟಾದ ಜಾಗದಲ್ಲಿ, ಇಂಜಿನ್ ಚಾಲನೆಯಲ್ಲಿದ್ದಂತೆಯೇ ನ್ಯೂಟ್ರಲ್ಲಿಗೆ ತಂದು ಗಾಡಿಯನ್ನು ತಾನಾಗಿ ಓಡಲು ಬಿಟ್ಟರು. ಸದ್ದು ಹಾಗೆಯೇ ಉಳಿಯಿತು. ಕ್ರೌನ್ ಪಿನಿಯನ್ನಿನ ಕೂಗು ಸಾಮಾನ್ಯವಾಗಿ ಹಲ್ಲುಗಳ ಮೇಲಿನ ಒತ್ತಡವನ್ನು ಅವಲಂಬಿಸಿರುತ್ತದೆ. ಎಳೆಯುವಾಗ ಹಲ್ಲಿನ ಒಂದು ಮುಖ, ಬಿಟ್ಟಾಗ ಇನ್ನೊಂದು ಮುಖ ತಾಗುವುದರಿಂದ ತುಳಿದಾಗ, ಬಿಟ್ಟಾಗ ಮತ್ತು ನ್ಯೂಟ್ರಲ್ಲಿನಲ್ಲಿ ಅದು ಬೇರೆ ಬೇರೆಯಾಗಿ ಕೇಳಿಸಬೇಕು. ಇಲ್ಲಿ ಮೂರು ಸ್ಥಿತಿಯಲ್ಲೂ ಸದ್ದು ಹೆಚ್ಚುಕಡಿಮೆ ಒಂದೇ. ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿಸಿ ಭಾರವನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸಿದಾಗಲೂ ವ್ಯತ್ಯಾಸ ಕಾಣಲಿಲ್ಲ. ಹಬ್ ಬೇರಿಂಗ್ ಆಗಿದ್ದರೆ ಒಂದು ಕಡೆಗೆ ಹೆಚ್ಚಿ ಇನ್ನೊಂದು ಕಡೆಗೆ ಇಳಿಯಬೇಕಿತ್ತು. ಟೈರಿನ ವಿಚಾರವನ್ನು ಬೇಗ ಮುಗಿಸಿದರು: ಡಾಂಬರಿನಿಂದ ಕಾಂಕ್ರೀಟಿಗೆ ಹೋದರೂ ಸದ್ದಿನ ಗುಣ ಬದಲಾಗದ ಮೇಲೆ ಅದು ಟೈರಿನದಲ್ಲ.

ದಾರಿಯಲ್ಲಿ ಮಿಸ್ತ್ರಿ ತನ್ನ ಹುಡುಗರಿಗೆ ಹೇಳಿಕೊಟ್ಟ ಒಂದು ಲೆಕ್ಕವನ್ನು ಇಲ್ಲಿ ಬರೆಯಲೇಬೇಕು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಇಂತಹ ಗಾಡಿಯ ಚಕ್ರದ ಸುತ್ತಳತೆ ಎರಡು ಮೀಟರಿಗಿಂತ ತುಸು ಹೆಚ್ಚಿರುವುದರಿಂದ ಚಕ್ರ ಸೆಕೆಂಡಿಗೆ ಆರು ಸುತ್ತಿನ ಮೇಲೆ ಸ್ವಲ್ಪ ತಿರುಗುತ್ತದೆ. ಹೌಸಿಂಗಿನ ಅನುಪಾತ ನಾಲ್ಕರ ಆಸುಪಾಸಿನಲ್ಲಿದ್ದರೆ ಶಾಫ್ಟ್ ಅದೇ ಹೊತ್ತಿನಲ್ಲಿ 25 ಸುತ್ತು ತಿರುಗಬೇಕು. ಪಿನಿಯನ್ನಿಗೆ ಹತ್ತರಷ್ಟು ಹಲ್ಲುಗಳಿದ್ದರೆ ಸೆಕೆಂಡಿಗೆ ಸುಮಾರು 250 ಹಲ್ಲುಗಳು ಒಂದಕ್ಕೊಂದು ತಾಗುತ್ತವೆ. ಆದ್ದರಿಂದ ಚಕ್ರದಲ್ಲಿ ಒಂದು ಕಡೆ ಊತವೋ ಸೊಟ್ಟವೋ ಇದ್ದರೆ ಅದು ಬಿಡಿಬಿಡಿಯಾಗಿ ದಡದಡ ಎನ್ನುತ್ತದೆ. ಶಾಫ್ಟಿನ ದೋಷ ಮೈಗೆ ನಡುಕವಾಗಿ, ಕಿವಿಗೆ ಮಂದ್ರವಾದ ಗುಂಯ್ ಆಗಿ ಬರುತ್ತದೆ. ಕ್ರೌನಿನ ದೋಷ ಅದಕ್ಕಿಂತ ಬಹಳ ಮೇಲಿನ ಸ್ವರದಲ್ಲಿ ಕೂಗುತ್ತದೆ. ನನ್ನ ಗಾಡಿಯದು ಸೀಟನ್ನು ನಡುಗಿಸುವ ಕೆಳಸ್ವರ. ಕ್ರೌನ್ ಬಿಚ್ಚದೆಯೇ, ಕೇವಲ ಸ್ವರವನ್ನು ಆಲಿಸಿಯೇ ಅದರ ಮೇಲಿನ ಆರೋಪ ದುರ್ಬಲವೆಂದು ತಿಳಿಯಬಹುದಿತ್ತು. ಮಿಸ್ತ್ರಿ ಪ್ರತಿ ಪರೀಕ್ಷೆಗೂ ಮುನ್ನ ಯುವಕರಿಂದ ಉತ್ತರ ಹೇಳಿಸುತ್ತಿದ್ದರು, ಆಮೇಲೆ ಪರೀಕ್ಷೆ ಮಾಡಿ ತೋರಿಸುತ್ತಿದ್ದರು. ಈ ಬಗೆಯ ಕಲಿಕೆ ನಡೆಯುತ್ತಿರುವ ಗ್ಯಾರೇಜನ್ನು ನಾನು ಬೇರೆಲ್ಲೂ ಕಂಡಿಲ್ಲ, ಮತ್ತು ಇದನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು.

ಗ್ಯಾರೇಜಿಗೆ ಮರಳಿದ ಮೇಲೆ ಪಕ್ಕದಲ್ಲಿ ನಿಂತಿದ್ದ ಲಾರಿಯವರನ್ನು ಕೇಳಿ ಜೋಳದ ಚೀಲಗಳನ್ನು ನನ್ನ ಗಾಡಿಗೆ ಹೇರಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿದರು. ಸದ್ದು ಹೆಚ್ಚುಪಾಲು ಅಡಗಿತು. ಚೀಲಗಳನ್ನು ಇಳಿಸಿದ ಮೇಲೆ ಮರಳಿ ಬಂತು. ಲೋಡು ಹಾಕುವುದರಿಂದ ಗಾಡಿಯ ಅಡಿಯಲ್ಲಿ ಬದಲಾಗುವುದು ಏನು ಎಂಬುದೇ ಈಗ ಪ್ರಶ್ನೆ. ಹಲ್ಲುಗಳ ಮೇಲಿನ ಒತ್ತಡ ಹೆಚ್ಚುತ್ತದೆ, ಬೇರಿಂಗುಗಳ ಮೇಲಿನ ಭಾರ ಹೆಚ್ಚುತ್ತದೆ. ಅವೆರಡೂ ಸದ್ದನ್ನು ಹೆಚ್ಚಿಸಬೇಕೇ ಹೊರತು ತಗ್ಗಿಸುವುದಿಲ್ಲ. ಉಳಿಯುವುದು ಒಂದೇ. ಖಾಲಿ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಿಲ್ಲಿನಂತೆ ಬಾಗಿ ನಿಂತಿರುವುದರಿಂದ ಹೌಸಿಂಗ್ ಚಾಸಿಗಿಂತ ಬಹಳ ಕೆಳಗಿದ್ದು, ಹಿಂದಿನ ಶಾಫ್ಟ್ ಇಳಿಜಾರಾಗಿರುತ್ತದೆ; ಲೋಡು ಬಿದ್ದು ಪಟ್ಟಿಗಳು ಚಪ್ಪಟೆಯಾದಾಗ ಶಾಫ್ಟ್ ನೇರವಾಗುತ್ತ ಬರುತ್ತದೆ. ಬದಲಾಗುತ್ತಿರುವುದು ಜಾಯಿಂಟುಗಳ ಕೋನ. ಅಲ್ಲಿಯವರೆಗೆ ಒಂದು ಬೋಲ್ಟನ್ನೂ ಸಡಿಲಿಸಿರಲಿಲ್ಲ.

ಆಮೇಲೆ ಗಾಡಿಯನ್ನು ಪಿಟ್ಟಿನ ಮೇಲೆ ತಂದು, ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಇಲ್ಲಿ ನಾನು ಗಮನಿಸಿದ ಒಂದು ಸೂಕ್ಷ್ಮವಿದೆ. ಸ್ಟ್ಯಾಂಡುಗಳನ್ನು ಚಾಸಿನ ಅಡಿಗೆ ಕೊಡದೆ ಹೌಸಿಂಗಿನ ಕೊಳವೆಗಳ ಅಡಿಗೆ ಕೊಟ್ಟರು. ಚಾಸಿಗೆ ಕೊಟ್ಟರೆ ಹೌಸಿಂಗ್ ಜೋತುಬಿದ್ದು, ಶಾಫ್ಟಿನ ಕೋನ ರಸ್ತೆಯಲ್ಲಿ ಎಂದೂ ಇರದಷ್ಟು ಹೆಚ್ಚಾಗುತ್ತದೆ. ಆಗ ಕೇಳುವ ಸದ್ದಿಗೆ ಅರ್ಥವಿರುವುದಿಲ್ಲ. ನಿಧಾನ ವೇಗದಲ್ಲಿ ಗೇರಿಗೆ ಹಾಕಿ, ತಿರುಗುವ ಭಾಗಗಳಿಂದ ದೂರ ನಿಂತು, ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ಗೇರ್ ಬಾಕ್ಸಿನ ಹಿಂಬದಿಗೆ, ಸೆಂಟರ್ ಬೇರಿಂಗಿನ ಬ್ರಾಕೆಟ್ಟಿಗೆ, ಹೌಸಿಂಗಿನ ಮೂತಿಗೆ ಒಂದೊಂದಾಗಿ ತಾಗಿಸಿ ಇನ್ನೊಂದು ತುದಿಯನ್ನು ಕಿವಿಗೆ ಹಿಡಿದು ಆಲಿಸಿದರು. ಹೌಸಿಂಗಿನ ಮೂತಿ ಸಮವಾಗಿ ತಿರುಗುತ್ತಿತ್ತು. ಸೆಂಟರ್ ಬೇರಿಂಗಿನಲ್ಲಿ ಒರಟು ಸದ್ದಿತ್ತು. ನನಗೂ ಸಲಾಕೆ ಕೊಟ್ಟು ಕೇಳಿಸಿದರು. ಎರಡರ ವ್ಯತ್ಯಾಸ ಅನುಭವವಿಲ್ಲದ ಕಿವಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು.

ಇಷ್ಟರಲ್ಲೇ ಸೆಂಟರ್ ಬೇರಿಂಗ್ ಬದಲಾಯಿಸಿ ಕಳುಹಿಸಿದ್ದರೂ ಅದನ್ನು ಒಳ್ಳೆಯ ಕೆಲಸವೆಂದೇ ನಾನು ಭಾವಿಸುತ್ತಿದ್ದೆ. ಮಿಸ್ತ್ರಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಬೇರಿಂಗಿನ ಸುತ್ತಲಿನ ರಬ್ಬರ್ ಹರಿದಿರುವುದನ್ನು ತೋರಿಸಿ, ಅದು ವಯಸ್ಸಿನಿಂದ ಬಿರುಕುಬಿಟ್ಟಂತಿಲ್ಲ, ಅಲುಗಾಡಿ ಅಲುಗಾಡಿ ಕಿತ್ತಂತಿದೆ, ಅಲುಗಿಸಿದ್ದು ಯಾವುದೆಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಹಾಗೆಯೇ ಹರಿಯುತ್ತದೆ ಎಂದರು. ನಂತರ ಇಂಜಿನ್ ಆರಿಸಿ, ಶಾಫ್ಟನ್ನು ಕೈಯಿಂದ ತಿರುಗಿಸಿ ಜಾಯಿಂಟುಗಳ ಸಡಿಲು ನೋಡಿದರು. ಸಡಿಲೇ ಇಲ್ಲ. ಎರಡು ಜಾಯಿಂಟುಗಳ ಒಳಗೆ ಕೂರುವ ಪ್ಲಸ್ ಆಕಾರದ ತುಂಡುಗಳಾದ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್‌ಗಳು ಹೊಸದಾಗಿ ಹೊಳೆಯುತ್ತಿದ್ದವು. ಗಾಡಿ ನನ್ನ ಕೈಗೆ ಬರುವ ಮೊದಲೇ ಯಾರೋ ಅವನ್ನು ಬದಲಾಯಿಸಿದ್ದಾರೆ. ಹೊಸ ಕ್ರಾಸ್ ಕಂಡವರು ಯಾರಾದರೂ ಜಾಯಿಂಟು ಚೆನ್ನಾಗಿದೆ ಎಂದು ಮುಂದೆ ಹೋಗುತ್ತಾರೆ. ಮಿಸ್ತ್ರಿ ಅಲ್ಲಿಯೇ ನಿಂತರು. ಕ್ರಾಸ್ ಹೊಸದೆಂದರೆ ಶಾಫ್ಟನ್ನು ಬಿಚ್ಚಿ ಕೂಡಿಸಿದ್ದಾರೆ ಎಂದರ್ಥ, ಬಿಚ್ಚಿ ಕೂಡಿಸಿದ್ದರೆ ಹೇಗೆ ಕೂಡಿಸಿದ್ದಾರೆ ಎಂದು ನೋಡಬೇಕು.

ಹಿಂದಿನ ಶಾಫ್ಟಿನ ಮುಂತುದಿಯಲ್ಲಿ, ಉದ್ದ ಹೆಚ್ಚುಕಡಿಮೆಯಾಗಲು ಅನುಕೂಲವಾಗುವಂತೆ, ಹಲ್ಲುಗಳಿರುವ ಜಾರುವ ಕೂಡಿಕೆಯೊಂದಿರುತ್ತದೆ. ಕೆಲಸದವರು ಇದನ್ನು ಸ್ಲಿಪ್ ಯೋಕ್ ಎನ್ನುತ್ತಾರೆ. ಶಾಫ್ಟಿನ ಎರಡೂ ತುದಿಗಳ ಯೋಕುಗಳು, ಎಂದರೆ ಕ್ರಾಸನ್ನು ಹಿಡಿಯುವ ಕವಲುಗಳು, ಒಂದೇ ಸಮತಲದಲ್ಲಿರುವಂತೆ ಇದನ್ನು ಕೂಡಿಸಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸು ಮತ್ತು ಮಣ್ಣು ಒರೆಸಿದಾಗ ಯೋಕಿನ ಮೇಲೊಂದು, ಶಾಫ್ಟಿನ ಕೊಳವೆಯ ಮೇಲೊಂದು ಬಾಣದ ಗುರುತು ಕಂಡವು. ಎರಡೂ ಎದುರುಬದುರಾಗಿರಬೇಕಿತ್ತು, ಒಂದು ಹಲ್ಲಿನಷ್ಟು ತಪ್ಪಿ ಕುಳಿತಿದ್ದವು. ಹದಿನಾರು ಹಲ್ಲುಗಳ ಕೂಡಿಕೆಯಲ್ಲಿ ಒಂದು ಹಲ್ಲು ತಪ್ಪಿದರೆ 22.5 ಡಿಗ್ರಿ ತಿರುಚಿದಂತಾಗುತ್ತದೆ. ಶಾಫ್ಟಿನ ಉದ್ದಕ್ಕೂ ಕಣ್ಣಿಟ್ಟು ನೋಡಿದರೆ ಎರಡು ಯೋಕುಗಳು ಒಂದೇ ಸಾಲಿನಲ್ಲಿಲ್ಲದಿರುವುದು, ಹೇಳಿಕೊಟ್ಟ ಮೇಲೆ, ನನಗೂ ಕಂಡಿತು.

ಈ ಒಂದು ಹಲ್ಲಿನಿಂದ ಇಷ್ಟೆಲ್ಲ ಆಗುವ ಬಗೆಯನ್ನು ತಿಳಿಯಲು ಕ್ರಾಸ್ ಜಾಯಿಂಟಿನ ಸ್ವಭಾವ ಗೊತ್ತಿರಬೇಕು. ಕೋನದಲ್ಲಿ ತಿರುಗುವ ಒಂದು ಜಾಯಿಂಟು ಬಂದ ವೇಗವನ್ನು ಬಂದಂತೆಯೇ ಮುಂದಕ್ಕೆ ಕೊಡುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಸ್ವಲ್ಪ ಮುಂದೋಡಿ ಎರಡು ಸಲ ಸ್ವಲ್ಪ ಹಿಂದೆ ಬೀಳುತ್ತದೆ. ಕೋನ 10 ಡಿಗ್ರಿಯಿದ್ದರೆ ಈ ಏರಿಳಿತ ನೂರಕ್ಕೆ ಸುಮಾರು ಒಂದೂವರೆಯಷ್ಟು. 5 ಡಿಗ್ರಿಗೆ ಇಳಿದರೆ ನೂರಕ್ಕೆ 0.4ರಷ್ಟು, ಕೋನ ಅರ್ಧವಾದರೆ ಏರಿಳಿತ ಕಾಲುಭಾಗವಾಗುತ್ತದೆ. ಯೋಕುಗಳು ಒಂದೇ ಸಮತಲದಲ್ಲಿದ್ದು ಎರಡು ಜಾಯಿಂಟುಗಳ ಕೋನವೂ ಸಮವಾಗಿದ್ದರೆ, ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ ಮತ್ತು ಹೌಸಿಂಗಿಗೆ ಸಮವಾದ ತಿರುಗುವಿಕೆ ಸಿಗುತ್ತದೆ. ಯೋಕುಗಳು ತಪ್ಪಿ ಕುಳಿತಾಗ ಆ ಅಳಿಸುವಿಕೆ ಪೂರ್ತಿಯಾಗುವುದಿಲ್ಲ. ಸೆಕೆಂಡಿಗೆ 25 ಸುತ್ತು ತಿರುಗುವ ಶಾಫ್ಟು 50 ಸಲ ಹೌಸಿಂಗನ್ನೂ ಸೆಂಟರ್ ಬೇರಿಂಗನ್ನೂ ತಳ್ಳಿ ಎಳೆಯುತ್ತದೆ. ಕ್ಯಾಬಿನ್ನಿನ ನೆಲದಿಂದ ಏಳುತ್ತಿದ್ದ ಗುಂಯ್ ಅದೇ. ಖಾಲಿಯಿದ್ದಾಗ ಕೋನ ಹೆಚ್ಚು, ಆದ್ದರಿಂದ ನಡುಕ ಹೆಚ್ಚು. ಲೋಡು ಬಿದ್ದಾಗ ಕೋನ ಕಡಿಮೆ, ನಡುಕ ಅದಕ್ಕಿಂತಲೂ ವೇಗವಾಗಿ ಕಡಿಮೆ. ಹೀಗೆ ತಿಂಗಳುಗಟ್ಟಲೆ ಅಲುಗಿಸಿಕೊಂಡ ಸೆಂಟರ್ ಬೇರಿಂಗಿನ ರಬ್ಬರ್ ಹರಿದು, ಗಾಡಿ ಎತ್ತುವಾಗಿನ ಅದುರು ಅದರಿಂದ ಹುಟ್ಟಿಕೊಂಡಿತ್ತು. ಎರಡು ಸದ್ದುಗಳಿಗೆ ಎರಡು ಕಾರಣಗಳು, ಆದರೆ ಎರಡನೆಯದಕ್ಕೆ ಮೊದಲನೆಯದೇ ತಾಯಿ.

ರಿಪೇರಿಯಲ್ಲಿಯೂ ಅವರ ಕ್ರಮವನ್ನು ನಾನು ಮೆಚ್ಚಿದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲಿಲ್ಲ. ಮೊದಲು ಫ್ಲ್ಯಾಂಜುಗಳಿಗೆ, ಎಂದರೆ ಶಾಫ್ಟನ್ನು ಬೋಲ್ಟಿನಿಂದ ಬಿಗಿಯುವ ಬಿಲ್ಲೆಗಳಿಗೆ, ಪೇಂಟಿನಲ್ಲಿ ಗುರುತು ಹಾಕಿ, ಶಾಫ್ಟ್ ಇಳಿಸಿ, ಬಾಣಗಳನ್ನು ಎದುರುಬದುರಾಗಿ ಕೂಡಿಸಿ, ಹರಿದ ರಬ್ಬರಿನ ಹಳೆಯ ಬೇರಿಂಗನ್ನೇ ಮರಳಿ ಬಿಗಿದು ರಸ್ತೆಗೆ ಒಯ್ದರು. 50ರಲ್ಲಿನ ಗುಂಯ್ ಸದ್ದು ಹೋಗಿತ್ತು. ಎತ್ತುವಾಗಿನ ಅದುರು ಉಳಿದಿತ್ತು. ಯಾವುದು ಯಾವುದರಿಂದ ಬರುತ್ತಿತ್ತೆಂಬುದು ಹೀಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾದ ಮೇಲಷ್ಟೇ ಹೊಸ ಸೆಂಟರ್ ಬೇರಿಂಗನ್ನು ರಬ್ಬರ್ ಸಮೇತ ಪ್ರೆಸ್ಸಿನಲ್ಲಿ ಕೂರಿಸಿದರು. ಬ್ರಾಕೆಟ್ಟಿನ ಅಡಿಯಲ್ಲಿದ್ದ ವಾಷರುಗಳನ್ನು ಇದ್ದ ಜಾಗಕ್ಕೇ ಹಾಕಿದರು, ಏಕೆಂದರೆ ಅವು ಬೇರಿಂಗಿನ ಎತ್ತರವನ್ನೂ ಅದರ ಮೂಲಕ ಕೋನವನ್ನೂ ನಿರ್ಧರಿಸುತ್ತವೆ. ಕ್ರಾಸ್‌ಗಳಿಗೆ ನಾಲ್ಕೂ ಬಟ್ಟಲುಗಳ ಅಂಚಿನಿಂದ ಹೊಸ ಗ್ರೀಸು ಹೊರಬರುವವರೆಗೆ ಪಂಪ್ ಮಾಡಿದರು. ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಬೇಕೇ ಎಂದು ನಾನೇ ಕೇಳಿದಾಗ, ಡಯಲ್ ಗೇಜ್ ಇಟ್ಟು ತಿರುಗಿಸಿ, ಕೊಳವೆ ಸೊಟ್ಟಗಿಲ್ಲ, ಕಂಪನಿಯವರು ಬೆಸೆದ ತೂಕದ ತುಣುಕುಗಳೂ ಇದ್ದಲ್ಲಿಯೇ ಇವೆ, ಹಣ ಹಾಕುವುದು ಬೇಡ ಎಂದರು. ಗಿರಾಕಿ ತಾನಾಗಿ ಕೊಡಲು ಸಿದ್ಧನಿರುವ ಹಣವನ್ನು ಬೇಡವೆನ್ನುವುದು ಈ ವ್ಯಾಪಾರದಲ್ಲಿ ಸುಲಭದ ಮಾತಲ್ಲ.

ಹೌಸಿಂಗಿನ ಎಣ್ಣೆಯನ್ನೂ ಇಳಿಸಿ ನೋಡಿದರು. ಇಳಿಸುವ ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದುಬಣ್ಣದ ಲೇಪದಂತಹ ಪುಡಿ ಹತ್ತಿತ್ತು. ಇದು ಎಲ್ಲ ಹಳೆಯ ಗಾಡಿಗಳಲ್ಲೂ ಇರುವಂಥದ್ದು. ಉಗುರಿಗೆ ಸಿಗುವ ಚೂರುಗಳು, ಹಲ್ಲಿನ ತುಣುಕುಗಳು ಇರಲಿಲ್ಲ. ಕ್ರೌನ್ ಪಿನಿಯನ್ನಿನ ಬಾಗಿದ (ಹೈಪಾಯ್ಡ್) ಹಲ್ಲುಗಳಿಗೆ ತಕ್ಕ ಜಿಎಲ್-5 ದರ್ಜೆಯ ಎಣ್ಣೆ ತುಂಬಿ ಮುಚ್ಚಿದರು. ಹಾಕಲೇಬೇಕೆಂದು ಬೇರೆಡೆ ಹೇಳಿದ್ದ ಕ್ರೌನ್ ಪಿನಿಯನ್ ಹೀಗೆ ಬಿಚ್ಚದೆಯೇ ಉಳಿಯಿತು.

ಹಣದ ವಿಷಯ. ಪತ್ತೆ ಹಚ್ಚುವುದಕ್ಕೆ ಬೇರೆ, ರಿಪೇರಿಗೆ ಬೇರೆ ಎಂದು ಮೊದಲೇ ಹೇಳುತ್ತಾರೆ. ರಿಪೇರಿಯನ್ನು ಅಲ್ಲಿಯೇ ಮಾಡಿಸಿದರೆ ಪತ್ತೆಯ ಹಣದಲ್ಲಿ ಅರ್ಧವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಏನನ್ನೂ ಬಿಚ್ಚದೆ ಸುಮ್ಮನೆ ಓಡಿಸಿ ನೋಡಿದ್ದಕ್ಕೆ ಹಣವೇ ಎಂದು ಜಗಳ ಮಾಡುವವರನ್ನು ನಾನು ಅಲ್ಲಿಯೇ ಕಂಡೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಆ ಹಣವೇ ಇಡೀ ಬಿಲ್ಲಿನಲ್ಲಿ ಅತ್ಯಂತ ಸಾರ್ಥಕವಾದದ್ದು. ಪತ್ತೆಯ ಕೆಲಸಕ್ಕೆ ಕೂಲಿ ಸಿಗದ ಗ್ಯಾರೇಜು ಬಿಡಿಭಾಗದ ಮಾರಾಟದಲ್ಲಿ ತನ್ನ ಸಂಪಾದನೆಯನ್ನು ಹುಡುಕಬೇಕಾಗುತ್ತದೆ, ಮತ್ತು ಆಗ ಅತ್ಯಂತ ದುಬಾರಿ ಬಿಡಿಭಾಗವೇ ಮೊದಲ ಅಪರಾಧಿಯಾಗಿ ಕಾಣತೊಡಗುತ್ತದೆ. ಬೇರಿಂಗು, ಎಣ್ಣೆ, ಕೂಲಿ ಎಲ್ಲ ಸೇರಿದರೂ ನನ್ನ ಒಟ್ಟು ಖರ್ಚು ಕ್ರೌನ್ ಪಿನಿಯನ್ನಿಗೆ ಕೇಳಿದ್ದ ಮೊತ್ತದ ಅರ್ಧವನ್ನೂ ಮುಟ್ಟಲಿಲ್ಲ. ಬದಲಾಯಿಸಿದ ಹಳೆಯ ಬೇರಿಂಗನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು.

ಕೊರತೆಗಳೂ ಇವೆ, ಅವನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ಒಂದೇ ಪಿಟ್ಟು ಇರುವುದರಿಂದ ಸರದಿಗಾಗಿ ಬಹಳ ಕಾಯಬೇಕು, ಮೆಕ್ಕೆಜೋಳದ ಸುಗ್ಗಿಯಲ್ಲಂತೂ ಗಾಡಿ ಒಳಗೆ ಹೋಗುವುದೇ ಕಷ್ಟ. ಫೋನು ಮಾಡಿದರೆ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ಕೂರಲು ನೆರಳಿಲ್ಲ, ರಾತ್ರಿ ಉಳಿಯುವ ಗಾಡಿಗಳು ಬಯಲಲ್ಲಿ ನಿಲ್ಲುತ್ತವೆ, ಆದ್ದರಿಂದ ತಾಡಪಾಲು, ಹಗ್ಗ ಮುಂತಾದವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು. ಖರ್ಚಿನ ಅಂದಾಜನ್ನು ಬಾಯಲ್ಲಿ ಹೇಳುತ್ತಾರೆಯೇ ಹೊರತು ಕೆಲಸಕ್ಕೆ ಮುನ್ನ ಬರೆದು ಕೊಡುವುದಿಲ್ಲ. ಇಷ್ಟು ಶಿಸ್ತಿನ ಜಾಗದಲ್ಲಿ ಇದೊಂದು ಸಲ್ಲದು, ಅವರು ಇದನ್ನು ತಿದ್ದಿಕೊಳ್ಳಬೇಕು. ಸೆನ್ಸರು, ಇಂಜಿನ್ನಿನ ಎಲೆಕ್ಟ್ರಾನಿಕ್ಸ್, ಸ್ಕ್ಯಾನರ್ ಬೇಕಾಗುವ ದೋಷಗಳನ್ನು ಅವರು ಮುಟ್ಟುವುದಿಲ್ಲ, ಬೇರೆ ಕಡೆ ಹೋಗಿ ಎಂದು ನೇರವಾಗಿ ಹೇಳುತ್ತಾರೆ. ಕ್ಲಚ್ಚಿನಿಂದ ಹಿಂದಿನ ಚಕ್ರದವರೆಗಿನ ಯಾವ ಸದ್ದಿಗಾದರೂ ಇಲ್ಲಿಗೆ ಹೋಗಬಹುದು. ಹೋಗುವವರು ಸದ್ದು ಬರುವ ವೇಗ, ಗೇರು, ಲೋಡು, ರಸ್ತೆ ಇವನ್ನು ಗುರುತು ಹಾಕಿಕೊಂಡು, ಗಾಡಿಯನ್ನು ಖಾಲಿ ಮಾಡಿಕೊಂಡು ಹೋದರೆ ಅವರಿಗೂ ತಮಗೂ ಹೊತ್ತು ಉಳಿಯುತ್ತದೆ.

ಈಗ ನನ್ನ ಗಾಡಿಯಲ್ಲಿ 60 ದಾಟಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಸಣ್ಣದೊಂದು ಕೂಗು ಉಳಿದಿದೆ. ಮೊದಲು ದೊಡ್ಡ ಸದ್ದಿನ ಅಡಿಯಲ್ಲಿ ಅದು ಕೇಳುತ್ತಿರಲಿಲ್ಲ. ಗಾಡಿ ಕೊಡುವ ಮುನ್ನ ಮಿಸ್ತ್ರಿಯೇ ಅದನ್ನು ಕೇಳಿಸಿ, ಇದು ಕ್ರೌನಿನ ಹಲ್ಲುಗಳ ಹಿಮ್ಮುಖ ಸವೆದಿರುವುದರಿಂದ ಬರುವುದು, ಸದ್ಯಕ್ಕೆ ಖರ್ಚು ಮಾಡುವಂಥದ್ದಲ್ಲ ಎಂದು ಹೇಳಿ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟಿದ್ದಾರೆ. ಮುಂದಿನ ಸಲ ಎಣ್ಣೆ ಬದಲಾಯಿಸುವಾಗ ಅಯಸ್ಕಾಂತಕ್ಕೆ ಚೂರುಗಳು ಹತ್ತಿದ್ದರೆ, ಅಥವಾ ಅದೇ ಕೂಗು ಎಳೆಯುವಾಗಲೂ ಬರತೊಡಗಿದರೆ ಗಾಡಿಯನ್ನು ತರಬೇಕೆಂದೂ, ಅದಕ್ಕೂ ಮೊದಲು 1000 ಕಿಲೋಮೀಟರ್ ಒಳಗೆ ಒಮ್ಮೆ ಬಂದು ಫ್ಲ್ಯಾಂಜ್ ಬೋಲ್ಟುಗಳ ಬಿಗಿಯನ್ನು ಹಣವಿಲ್ಲದೆ ನೋಡಿಸಿಕೊಂಡು ಹೋಗಬೇಕೆಂದೂ ಅದರಲ್ಲಿದೆ.